ಇಳಿಯಲು ಕಲಿಸಿದ ಕುರಿಮರಿ

ಬೀಳಗಿಯ ಗುಡ್ಡದ ಇಳಿಜಾರಿನಲ್ಲಿ ಎರಡನೇ ಸಲ ಜಾರಿ ಬಿದ್ದು, ತರಚಿದ ಮೊಣಕಾಲಿಗೆ ನೀರು ಹಾಕುತ್ತ ಕೂತಿದ್ದೆ. ಗುಡ್ಡಗಾಡು ಓಟದ ಸ್ಪರ್ಧೆಗೆ ಎರಡೇ ವಾರ ಉಳಿದಿತ್ತು. ಏರುವುದು ನನಗೆ ಸಲೀಸು. ಇಳಿಯುವಾಗ ಮಾತ್ರ ಕಾಲು ಮಾತು ಕೇಳುತ್ತಿರಲಿಲ್ಲ. ಹೆಸರು ವಾಪಸ್ ತೆಗೆದುಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ, ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು, ಆಗಷ್ಟೇ ಹುಟ್ಟಿದ ಮರಿಯೊಂದನ್ನು ನನ್ನ ತೋಳಲ್ಲಿಟ್ಟರು.

“ಇದನ್ನ ಎತಗೊಂಡು ಕೆಳಗ ಇಳಿ ಯವ್ವಾ. ಮುಂಜಾನಿಯಿಂದ ನೋಡಾಕತ್ತೇನಿ, ನೀ ಹೆದರಿ ಹಿಂದಕ್ಕ ವಾಲತಿ, ಅದಕ್ಕ ಬೀಳತಿ.”

“ಆಯಿ, ಮರಿ ಬಿದ್ದರ ಏನ್ರೀ ಮಾಡೂದು?”

“ಬೀಳಸಂಗಿಲ್ಲ ಬಿಡ. ಕೈಯಾಗ ಜೀವ ಐತಿ ಅಂದ್ರ ಕಾಲು ತಾವ ಹುಷಾರ ಆಕ್ಕಾವ.”

ಮರಿ ಕುಲುಕಬಾರದೆಂದು ಮೊಣಕಾಲು ಸ್ವಲ್ಪ ಮಡಿಸಿ, ಸಣ್ಣ ಸಣ್ಣ ಹೆಜ್ಜೆಗಳನ್ನು ಬೇಗ ಬೇಗ ಇಟ್ಟೆ. ತಾಯಿ ಕುರಿ ಅರಚುತ್ತ ಬೆನ್ನಿಗೇ ಬಂತು. ಒಮ್ಮೆಯೂ ಜಾರದೆ ಬುಡ ಮುಟ್ಟಿದಾಗ ನನಗೇ ನಂಬಲಾಗಲಿಲ್ಲ. ಮರುದಿನದಿಂದ ಬರಿಗೈಯಲ್ಲೂ ಹಾಗೆಯೇ ಇಳಿದೆ.

ಸ್ಪರ್ಧೆಯ ದಿನ ಇಳಿಜಾರಿನಲ್ಲೇ ಹಲವರನ್ನು ಹಿಂದೆ ಹಾಕಿ ಓಟ ಮುಗಿಸಿದೆ. ನಿನ್ನ ಕೋಚ್ ಯಾರು ಎಂದು ಬನಹಟ್ಟಿಯ ಗೆಳತಿಯರು ಕೇಳುತ್ತಾರೆ. ಕುರಿ ಮೇಯಿಸುವ ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಆದರೆ ಮುಂದಿನ ಓಟಕ್ಕೂ ಅವರನ್ನೇ ಹುಡುಕಿಕೊಂಡು ಹೋಗುತ್ತೇನೆ.