ಆಟದ ಬಯಲಿನ ಸೌತೆ

ಮಕ್ಕಳಿಲ್ಲವೆಂದು ಬೋವಿಕಾನದ ಆಚೆಗಿನ ನಮ್ಮ ಕನ್ನಡ ಶಾಲೆ ಮುಚ್ಚಿದಾಗ ನಾನೇ ಅದರ ಕೊನೆಯ ಹೆಡ್‌ಟೀಚರ್. ಶಾಲೆಯ ಮತ್ತು ಜಾಗದ ಒಡೆಯರಾದ ಮೆನೇಜರ ಜೊತೆ ಅಂದೇ ಮಾತು ಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆಟದ ಬಯಲನ್ನು ಕೆಂಪುಕಲ್ಲು ಕಡಿಯುವ ಕೋರೆಗೆ ಕೊಡುತ್ತಾರಂತೆ ಎಂದು ಕಿವಿಗೆ ಬಿದ್ದಾಗಲಂತೂ ಮೈಯೆಲ್ಲ ಉರಿಯಿತು. ಬಯಲನ್ನು ತರಕಾರಿ ಬೆಳೆಯಲು ಕೇಳಿ ಬನ್ನಿ ಎಂದು ನೆರೆಕರೆಯ ಹೆಂಗಸರ ಸಂಘವಾದ ಅಯಲ್ಕೂಟವನ್ನು ಅವರ ಬಳಿಗೆ ಅಟ್ಟಿದೆ. "ಒಂದು ಬೇಸಗೆ ಬೆಳೆದು ನೋಡಿ, ಮತ್ತೆ ಮಾತಾಡುವ" ಎಂದರಂತೆ.

ಅಷ್ಟು ಸಾಕಾಯಿತು. ತುಳುವಿನವರು, ಬ್ಯಾರಿಗಳು, ಮಲಯಾಳದವರು, ಎಲ್ಲರೂ ಹಾರೆ ಹಿಡಿದು ಬಂದರು. ಕೆಂಪು ಮುರಕಲ್ಲಿನ ಗಟ್ಟಿ ನೆಲ ಟಣ್ ಎನ್ನುತ್ತಿತ್ತು. ತರಗೆಲೆ ಒಟ್ಟಿ ಸುಡುಮಣ್ಣು ಮಾಡಿದೆವು, ಕೆರೆಯ ಕೆಸರು ಹೊತ್ತೆವು. ಹಳೆಯ ಚಾಳಿ ಬಿಡದೆ ನಾನು ಬೆಳಿಗ್ಗೆ ಗಂಟೆ ಬಾರಿಸಿ, ತಡವಾಗಿ ಬಂದವರನ್ನು ಗದರುತ್ತಿದ್ದೆ. "ಎಂತ ಟೀಚರೇ, ನಮಗೂ ಬೆತ್ತ ಉಂಟಾ?" ಎಂದು ನಗುತ್ತಿದ್ದರು. ನೀರು ಹೊತ್ತು ಸೊಂಟ ಬಿದ್ದುಹೋಯಿತು. ಆದರೂ ಅಷ್ಟು ಖುಷಿಯ ಬೇಸಗೆಯನ್ನು ನಾನು ಕಂಡದ್ದಿಲ್ಲ.

ಸೌತೆಬಳ್ಳಿ ಹಬ್ಬಿ ಬಯಲಿನ ನೆಲವೇ ಕಾಣದಾಯಿತು. ಬಲಿತ ಕಾಯಿಗಳನ್ನು, ಮಳೆಗಾಲಕ್ಕೆಂದು ಮನೆಗಳಲ್ಲಿ ಮಾಡುವಂತೆ, ಬಾಳೆನಾರಿನಲ್ಲಿ ಕಟ್ಟಿ ತರಗತಿಗಳ ಮಾಡಿಗೆ ಸಾಲಾಗಿ ತೂಗಹಾಕಿದೆವು. ಬಳ್ಳಿಯಲ್ಲಿ ಉಳಿದವಕ್ಕೆ ದೃಷ್ಟಿ ತಾಗದಿರಲೆಂದು ಹೆಂಗಸರು ನನ್ನದೇ ಹಳೆಯ ಸೀರೆ ಉಡಿಸಿ, ನನ್ನ ಕೊಡೆ ಹಿಡಿಸಿ ಒಂದು ಬೆರ್ಚಪ್ಪನನ್ನು ನಿಲ್ಲಿಸಿದರು. "ಇನ್ನು ಹಂದಿಯೂ ಬರ್ಲಿಕ್ಕಿಲ್ಲ" ಎಂದಳು ಒಬ್ಬಳು. ಬೈದೆ, ಒಳಗೊಳಗೇ ನಕ್ಕೆ.

ಮರುದಿನವೇ ಮೆನೇಜರು ಬಂದರು. ಕಣ್ಣು ಮಂಜಾದ ಮುದುಕರು. ಅಲಸಂಡೆ ಚಪ್ಪರದ ಹಿಂದಿದ್ದ ನಾನು ಅವರಿಗೆ ಕಾಣಲಿಲ್ಲ. ನೆಟ್ಟಗೆ ಬೆರ್ಚಪ್ಪನ ಮುಂದೆ ಹೋಗಿ ಕೈಮುಗಿದರು.

"ಟೀಚರೇ, ಸಿಟ್ಟು ಇನ್ನೂ ಇಳಿಯಲಿಲ್ವಾ?"

ಬೆರ್ಚಪ್ಪ ಎಂತ ಹೇಳೀತು? ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಶಾಲೆ ಮುಚ್ಚುವಾಗ ನನಗೂ ಸಂಕಟ ಆಗಿದೆ. ನಾನು ಅಕ್ಷರ ಕಲಿತದ್ದೂ ಇಲ್ಲೇ ಅಲ್ವಾ? ಕೋರೆಯವನಿಗೆ ಆಗುವುದಿಲ್ಲ ಅಂತ ಹೇಳಿ ಬಂದೆ. ಜಾಗದಲ್ಲಿ ನೀವೇ ಬೆಳೆದುಕೊಳ್ಳಿ. ಒಂದು ಮಾತಾದರೂ ಆಡಿ ಮಾರಾಯ್ತಿ!"

ಗದರಬೇಕೆಂದೇ ಚಪ್ಪರದಿಂದ ಹೊರಬಂದೆ. ಶಾಲೆ ಮುಚ್ಚಿದ ದಿನವೂ ಅಳದವಳು ಗೊಳೋ ಎಂದು ಅತ್ತುಬಿಟ್ಟೆ. ಅವರು ನನ್ನನ್ನು ನೋಡಿದರು, ಬೆರ್ಚಪ್ಪನನ್ನು ನೋಡಿದರು. "ಅಯ್ಯೋ ದೇವರೇ, ಇಷ್ಟು ಹೊತ್ತು ನಾನು ಇದರ ಹತ್ತಿರ ಮಾತಾಡಿದ್ದಾ?" ಎಂದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಮೂಗು ಒರೆಸಿಕೊಂಡು, "ಸರಿ, ಈಗ ನನಗೆ ಹೇಳಿ" ಎಂದೆ.

ಮೊದಲಿನಿಂದ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ.