ಗರಗರಕ್ಕನ ನಲವತ್ತು ಸೆಕೆಂಡು

ನನ್ನ ಮಗಳಿಗೆ ಒಂದು ವರ್ಷ ಎರಡು ತಿಂಗಳು. ಬಾಯಲ್ಲಿ ಆರು ಹಲ್ಲುಗಳಿವೆ. ಆರನ್ನೂ ಅವಳು ನನ್ನ ಭುಜ ಕಚ್ಚುವುದಕ್ಕಷ್ಟೇ ಬಳಸುತ್ತಾಳೆ. ತುತ್ತಿನಲ್ಲಿ ಸಾಸಿವೆ ಗಾತ್ರದ ಗಂಟು ಸಿಕ್ಕರೂ ಸಾಕು, ನಾಲಗೆಯ ತುದಿಯಲ್ಲಿ ಅದನ್ನು ಹುಡುಕಿ ತೆಗೆದು, ಕಳ್ಳನನ್ನು ಹಿಡಿದ ಪೊಲೀಸಿನ ಗತ್ತಿನಲ್ಲಿ ನನ್ನ ಮುಖ ನೋಡಿ, ಇಡೀ ತುತ್ತನ್ನು ನನ್ನ ಮಡಿಲಿಗೇ ಉಗುಳುತ್ತಾಳೆ. ಹಾಗಾಗಿ ನುಣ್ಣಗೆ ರುಬ್ಬುವ, ನಮ್ಮ ಕೈಗೆಟುಕುವ ಒಂದು ಬ್ಲೆಂಡರ್ ಬೇಕಾಯಿತು.

"ನಿನ್ನ ಗಂಡನಿಗೆ ನಾನು ಚಮಚದಲ್ಲಿ ಹಿಸುಕಿಯೇ ತಿನ್ನಿಸಿದ್ದು. ಈಗ ಹೇಗಿದ್ದಾನೆ ನೋಡು," ಎಂದರು ಅತ್ತೆ.

ನೋಡಿದೆ. ಸೋಫಾದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದರು. ಬ್ಲೆಂಡರ್ ತರುವುದೇ ಸರಿ ಎಂದು ನಿರ್ಧರಿಸಿಬಿಟ್ಟೆ.

ಮೂರು ವಾರ ಫೋನಿನಲ್ಲಿ ಕಂಡಕಂಡವರ ಅಭಿಪ್ರಾಯ ಓದಿದೆ. ಒಂದೇ ಯಂತ್ರಕ್ಕೆ ಒಬ್ಬರು 'ಅದ್ಭುತ' ಎಂದು ಬರೆದಿದ್ದರೆ ಅದರ ಕೆಳಗೇ ಇನ್ನೊಬ್ಬರು 'ಹೊಗೆ ಬಂತು' ಎಂದು ಬರೆದಿದ್ದರು. ಹೊಗೆ ಬಂತು ಎಂದವರನ್ನೇ ನಾನು ನಂಬುವುದು. ಮೊದಲಿನಿಂದಲೂ ನನ್ನ ಬುದ್ಧಿ ಹಾಗೆ. ಕೊನೆಗೆ ಫೋನು ಮುಚ್ಚಿಟ್ಟು, ಮಗಳನ್ನು ಎದೆಗೆ ಕಟ್ಟಿಕೊಂಡು, ಬಸ್ ನಿಲ್ದಾಣದ ಎದುರಿನ ದೊಡ್ಡ ಅಂಗಡಿಗೆ ಹೋದೆ. ಕೆಳಗೆ ಟಿವಿಗಳು, ಮೇಲೆ ಫ್ರಿಜ್ಜುಗಳು. ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಹತ್ತಿದೊಡನೆ ಸಿಗುವ ಮೇಜಿನ ಹಿಂದೆ ಅವರು ನಿಂತಿದ್ದರು.

ವಯಸ್ಸು ನಲವತ್ತೈದರ ಆಸುಪಾಸು. ಕಂಪನಿಯ ಕಿತ್ತಳೆ ಬಣ್ಣದ ಏಪ್ರನ್ನು, ಅದರ ಜೇಬಿನಲ್ಲಿ ಒಂದು ಉದ್ದ ಚಮಚ. ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು, ಆದರೆ ಹನ್ನೊಂದು ವರ್ಷ ಹಣ್ಣಿನ ರಸ ಹಾರಿ ಹಾರಿ ಅದರ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಅಂಗಡಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಗರಗರಕ್ಕ ಎಂದು. ಬ್ಲೆಂಡರಿನಲ್ಲಿ ಏನೇನು ಮಾಡಬಹುದೆಂದು ಗಿರಾಕಿಗಳಿಗೆ ಮಾಡಿ ತೋರಿಸುವುದು ಅವರ ಕೆಲಸ.

"ಬನ್ನಿ ಮೇಡಂ, ಬನ್ನಿ! ಸಾವಿರ ವಾಟ್, ನಾಲ್ಕು ಜಾರ್, ಐದು ವರ್ಷ ಗ್ಯಾರಂಟಿ! ರುಬ್ಬೋಕೂ ಇದೇ, ಹೆಚ್ಚೋಕೂ ಇದೇ, ಹಿಟ್ಟು ಕಲಸೋಕೂ ಇದೇ!" ಎಂದು ರಾಗವಾಗಿ ಹೇಳುತ್ತ ಜಾರಿಗೆ ಐಸ್ ತುಂಡುಗಳನ್ನು ಸುರಿದು ಗುಂಡಿ ತಿರುಗಿಸಿದರು. ಕಿವಿ ಹರಿದುಹೋಗುವಂಥ ಸದ್ದು. ಆ ಸದ್ದಿನ ನಡುವೆ, ಮುಖದ ನಗು ಒಂದಿಷ್ಟೂ ಕದಲದಂತೆ, ನನ್ನ ಕಿವಿಯ ಹತ್ತಿರ ಬಗ್ಗಿ ಕೂಗಿದರು.

"ಯಾರಿಗಮ್ಮ ಬೇಕಾಗಿರೋದು? ಈ ಚೋಟುದ್ದದವಳಿಗಾ?"

"ಹೌದು. ಗಂಟಿದ್ರೆ ಉಗುಳ್ತಾಳೆ."

"ಒಂದು ಬಟ್ಟಲು ರುಬ್ಬೋಕೆ ಈ ಕೊಳಗ ಯಾಕೆ? ಅರ್ಧ ಜಾರಿನ ಗೋಡೆಗೆ ಅಂಟುತ್ತೆ, ಅರ್ಧ ಬ್ಲೇಡಿನ ಕೆಳಗೆ ಕೂರುತ್ತೆ. ಮಗೂಗೆ ಜಾರ್ ನೆಕ್ಕಿಸ್ತೀಯಾ? ಆ ಮೂಲೇಲಿ ಒಂದು ಚಿಕ್ಕದಿದೆ ನೋಡು, ಬೆಲೆ ಇದರ ಮೂರರಲ್ಲಿ ಒಂದು ಪಾಲೂ ಇಲ್ಲ..."

ಗುಂಡಿ ಹಿಂದಕ್ಕೆ ತಿರುಗಿತು. ಸದ್ದು ನಿಂತಿತು.

"ನೋಡಿದ್ರಾ ಮೇಡಂ, ಹತ್ತಿ ಥರ ಆಗೋಯ್ತು! ಇಡೀ ಸಂಸಾರಕ್ಕೆ ಇದೊಂದೇ ಸಾಕು!"

ನಾನು ತಬ್ಬಿಬ್ಬಾದೆ. ಹತ್ತು ಹೆಜ್ಜೆ ದೂರದಲ್ಲಿ ಮ್ಯಾನೇಜರ್ ಕೈಕಟ್ಟಿ ನಿಂತು ತಲೆದೂಗುತ್ತಿದ್ದರು. ಆಗ ನನಗೆ ಅರ್ಥವಾಯಿತು. ಯಂತ್ರ ನಿಂತಿರುವಾಗ ಬರುವುದು ಕಂಪನಿಯ ಮಾತು, ಬಹುವಚನದಲ್ಲಿ. ಯಂತ್ರ ಓಡುವಾಗ ಬರುವುದು ಗರಗರಕ್ಕನ ಮಾತು, ಏಕವಚನದಲ್ಲಿ. ಆದರೆ ನಲವತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಿದರೆ ಮೋಟರ್ ಬಿಸಿಯಾಗುತ್ತದೆ. ಹಾಗಾಗಿ ಅವರು ಒಂದು ಉಸಿರಿಗೆ ನಲವತ್ತು ಸೆಕೆಂಡಿನಷ್ಟೇ ನಿಜ ಹೇಳಬಲ್ಲವರಾಗಿದ್ದರು.

ಬೇರೆಯವರಾಗಿದ್ದರೆ ಅವತ್ತೇ ಚಿಕ್ಕದನ್ನು ಕೊಂಡು ಮನೆಗೆ ಹೋಗುತ್ತಿದ್ದರು. ನಾನು ಮನೆಗೆ ಹೋಗಿ ಚಿಂತೆ ಮಾಡಿದೆ. ಚಿಕ್ಕದು ಬೇಗ ಕೆಟ್ಟುಹೋದರೆ? ಅದರ ಪ್ಲಾಸ್ಟಿಕ್ಕಿನ ಕಣ ಹೊಟ್ಟೆಗೆ ಹೋದರೆ? ಮುಚ್ಚಳ ಹಾರಿ ಮಗುವಿನ ಮೇಲೆ ಬಿದ್ದರೆ? ಎರಡು ದಿನ ಬಿಟ್ಟು ಮತ್ತೆ ಹೋದೆ. ಆಮೇಲೆ ಮತ್ತೆ. ಪ್ರತಿ ಸಲವೂ ಅವರು ಐಸ್ ಹಾಕಿ, ಗುಂಡಿ ತಿರುಗಿಸಿ, ಒಂದೊಂದು ಅನುಮಾನ ಬಿಡಿಸಿದರು.

"ವಾಟ್ ನೋಡಿ ಮಂಗ ಆಗ್ಬೇಡ. ಜಾರ್ ಕೂರಿಸಿ ಅಲ್ಲಾಡಿಸಿ ನೋಡು, ಲೊಡಲೊಡ ಅಂದ್ರೆ ಬೇಡ."

"ಬ್ಲೇಡ್ ಬಿಚ್ಚಿ ತೊಳೆಯೋಕೆ ಬರ್ಬೇಕು. ಇಲ್ದಿದ್ರೆ ನಿನ್ನೆ ತಿಂದಿದ್ದನ್ನೇ ಇವತ್ತೂ ತಿಂತಾಳೆ."

"ಮೊದಲು ನೀರು, ಆಮೇಲೆ ಮೆತ್ತಗಿರೋ ಹಣ್ಣು, ಐಸ್ ಕೊನೆಗೆ. ತಲೆಕೆಳಗು ಹಾಕಿ ಯಂತ್ರಾನ ಬೈತಾರೆ ಜನ."

"ಹಿಟ್ಟು ಕಲಸೋ ಜಾರ್ ಬೇಕಾ? ಮೂರು ದಿನ ಉಪಯೋಗಿಸ್ತೀಯ. ಆಮೇಲೆ ಅದರಲ್ಲಿ ಬಟ್ಟೆ ಕ್ಲಿಪ್ ಇಟ್ಕೋತೀಯ."

ಅವರ ಜೀವನದ ಕಥೆಯನ್ನೂ ನಾನು ಹೀಗೇ ತುಂಡು ತುಂಡಾಗಿ ಕೇಳಿದ್ದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಒಂದು ಸುತ್ತಿನ ಐಸಿನಲ್ಲಿ. ಮೊದಲು ಮನೆಮನೆಗೆ ಹೋಗಿ ನೆಲ ಒರೆಸುವ ಕೋಲು ಮಾರಿದ್ದು, ಒಬ್ಬಾಕೆ ಇಡೀ ಮನೆ ಒರೆಸಿಸಿಕೊಂಡು 'ನಾಳೆಯೂ ಬಾ, ನೋಡೋಣ' ಎಂದದ್ದು ಇನ್ನೊಂದು ಸುತ್ತಿನಲ್ಲಿ. ಗಂಡನಿಗೆ ಅಚ್ಚುಕೂಟದಲ್ಲಿ ಕೆಲಸ. ಅಲ್ಲಿಯೂ ದಿನವಿಡೀ ಸದ್ದು. ಇಬ್ಬರಿಗೂ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. "ಉಪ್ಪು ಸಾಕಾ ಅಂತ ನಾನು ಕೇಳಿದ್ರೆ, ಸಾಕು ಅಂತ ಅವರು ಅಂದ್ರೆ, ಪಕ್ಕದ ಮನೆಯವರು ಜಗಳ ಬಿಡಿಸೋಕೆ ಬರ್ತಾರೆ!" ಮಗಳು ನರ್ಸ್ ಆಗಲು ಓದುತ್ತಿದ್ದಾಳೆ, ಇನ್ನೂ ಎರಡು ವರ್ಷದ ಓದು ಬಾಕಿ. ತಾಯಿಯ ಕೈಯಲ್ಲಿ ಯಾವಾಗಲೂ ಬಾಳೆಹಣ್ಣಿನ ವಾಸನೆ ಎಂದು ಅವಳು ಬಾಳೆಹಣ್ಣು ತಿನ್ನುವುದನ್ನೇ ಬಿಟ್ಟಿದ್ದಾಳಂತೆ.

ಐದನೆಯ ಸಲ ಹೋದಾಗ ಅವರ ನಗು ಎಂದಿನಂತೆಯೇ ಇತ್ತು, ಮಾತು ಮಾತ್ರ ಬೇರೆ ಇತ್ತು.

"ನನ್ನ ಜಾಗಕ್ಕೆ ಸಂಚಕಾರ ಬಂತಮ್ಮ. ದೊಡ್ಡದು ಯಾಕೆ ಮಾರಾಟ ಆಗ್ತಿಲ್ಲ ಅಂತ ಕಂಪನಿಯವರು ಕೇಳಿದ್ದಾರೆ. ತಿಂಗಳ ಕೊನೆಗೆ ಹೊಸ ಮಾದರಿ ಬರುತ್ತೆ, ಬಂದ ದಿನವೇ ಮೂರು ಹೋಗ್ಲೇಬೇಕಂತೆ. ಇಲ್ದಿದ್ರೆ ಈ ಮೇಜಿನ ಮೇಲೆ ಟಿವಿ ಇಟ್ಟು ವಿಡಿಯೊ ಹಾಕ್ತಾರಂತೆ. ವಿಡಿಯೊಗೆ ಸಂಬಳ ಇಲ್ವಲ್ಲ!"

"ಹಾಗಾದ್ರೆ ಸತ್ಯ ಹೇಳೋದು ನಿಲ್ಲಿಸಿಬಿಡಿ ಅಕ್ಕ," ಎಂದೆ ನಾನು, ಗಾಬರಿಯಿಂದ.

"ನಿಲ್ಲಿಸಿ ನೋಡಿದೆ. ಸೋಮವಾರ ಇಡೀ ದಿನ ಬಾಯಿ ಬಿಗಿಹಿಡಿದೆ. ಸಾಯಂಕಾಲಕ್ಕೆ ತಲೆನೋವು ಬಂತು."

ಸದ್ದು ನಿಂತಿತು. "ಸಾವಿರ ವಾಟ್ ಮೇಡಂ!"

ಹೊಸ ಮಾದರಿ ಬಂದದ್ದು ತಿಂಗಳ ಕೊನೆಯ ಶನಿವಾರ. ಅವತ್ತು ನಾನು ಚಿಕ್ಕದನ್ನು ಕೊಂಡೇ ತೀರುವುದೆಂದು ಹೊರಟಿದ್ದೆ. ಮೆಟ್ಟಿಲು ಹತ್ತಿದರೆ ಕಾಲಿಡಲು ಜಾಗವಿಲ್ಲ. ಮೇಜಿನ ಮೇಲೆ ಕಪ್ಪು ಬಣ್ಣದ, ಮಿರಮಿರ ಮಿಂಚುವ ಯಂತ್ರ. ಅದರ ಮೇಲೆ ದಪ್ಪ ಗಾಜಿನ ಗುಮ್ಮಟ. ಅದರ ಬೆಲೆಗೆ ಪಕ್ಕದ ಸಾಲಿನಲ್ಲಿ ಒಂದು ಫ್ರಿಜ್ಜೇ ಸಿಗುತ್ತಿತ್ತು. ಗರಗರಕ್ಕ ಹೊಸ ಏಪ್ರನ್ ಹಾಕಿಕೊಂಡು ನಿಂತಿದ್ದರು, ಮುಖ ಬೆವೆತಿತ್ತು. ಮೂರರಲ್ಲಿ ಒಂದೂ ಮಾರಾಟವಾಗಿರಲಿಲ್ಲ, ಯಂತ್ರವನ್ನು ಅವರು ಇನ್ನೂ ಒಮ್ಮೆಯೂ ಓಡಿಸಿಯೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಜನರ ನಡುವೆ ನುಗ್ಗಿ ಮುಂದೆ ಹೋದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅಕ್ಕಾ, ಇದು ಹೇಗೆ? ಚಿಕ್ಕದಕ್ಕಿಂತ ನುಣ್ಣಗಾಗುತ್ತಾ?"

ಅವರು ಐಸ್ ಹಾಕಿದರು. ಗಾಜಿನ ಗುಮ್ಮಟ ಮುಚ್ಚಿದರು. ಗುಂಡಿ ತಿರುಗಿಸಿದರು. ಹನ್ನೊಂದು ವರ್ಷದ ಅಭ್ಯಾಸದಂತೆ ನನ್ನ ಕಡೆಗೆ ಬಗ್ಗಿ, ನಗುತ್ತಲೇ, ಎದೆ ತುಂಬ ಉಸಿರೆಳೆದು ಕೂಗಿದರು.

"ತಗೋಬೇಡಮ್ಮಾ ಇದನ್ನ! ಶುದ್ಧ ದಂಡ! ಒಳಗಿರೋದು ಆ ಚಿಕ್ಕದರ ಬ್ಲೇಡೇ! ಮೇಲೊಂದು ಗಾಜಿನ ಟೋಪಿ! ಟೋಪಿ ಹಾಕಿರೋದು ಯಂತ್ರಕ್ಕಲ್ಲ, ನಿನಗೆ!"

ಯಂತ್ರ ಮಾತ್ರ ಸದ್ದೇ ಮಾಡಲಿಲ್ಲ. ನಿದ್ದೆಯಲ್ಲಿರುವ ಬೆಕ್ಕಿನ ಹಾಗೆ ಸಣ್ಣಗೆ ಗುರ್ ಎನ್ನುತ್ತಿತ್ತು, ಅಷ್ಟೇ.

ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದವರು ಬಾಗಿಲು ಹಿಡಿದುಕೊಂಡೇ ತಿರುಗಿದರು. ನನ್ನ ಮಗಳು ನನ್ನ ಭುಜ ಕಚ್ಚುವುದನ್ನು ನಿಲ್ಲಿಸಿದಳು. ಗರಗರಕ್ಕನ ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದರ ಹಿಂದಿನ ರಕ್ತವೆಲ್ಲ ಇಳಿದುಹೋಗಿತ್ತು. ಮುಗಿಯಿತು, ಎಂದುಕೊಂಡೆ. ನಾನು ಒಂದು ಪ್ರಶ್ನೆ ಕೇಳಿ ಇವರ ಅನ್ನ ಕಳೆದೆ. ಆ ನರ್ಸ್ ಓದುವ ಹುಡುಗಿಯ ಎರಡು ವರ್ಷವೂ ನನ್ನ ಕಣ್ಣ ಮುಂದೆ ಬಂತು.

ಜನ ಅತ್ತಿತ್ತ ಸರಿದು ದಾರಿ ಬಿಟ್ಟರು. ಮ್ಯಾನೇಜರ್ ಬಂದು ನಿಂತರು.

"ಏನ್ರೀ ಅಂದ್ರಿ ಈಗ?"

ಗರಗರಕ್ಕ ಒಂದು ಸಲ ಯಂತ್ರದ ಕಡೆ ನೋಡಿದರು. ಅದು ಇನ್ನೂ ಓಡುತ್ತಲೇ ಇತ್ತು.

"ಕೇಳಿಸ್ತಾ ಸಾರ್?"

"ಕೇಳಿಸದೆ ಏನು?"

"ಎಲ್ಲಿ ನಿಂತಿದ್ರಿ ಸಾರ್ ನೀವು?"

"ಅಲ್ಲಿ, ಕೊನೇ ಫ್ರಿಜ್ ಹತ್ರ. ಯಾಕೆ?"

"ನೋಡಿ! ನೋಡಿ!" ಗರಗರಕ್ಕ ಎರಡೂ ಕೈ ಎತ್ತಿ ಜನರ ಕಡೆ ತಿರುಗಿದರು. "ಯಂತ್ರ ಓಡ್ತಾ ಇದೆ, ಕಲ್ಲಿನಂಥ ಐಸ್ ಪುಡಿ ಆಗ್ತಾ ಇದೆ, ನಾನಾಡಿದ ಒಂದೊಂದು ಅಕ್ಷರವೂ ಕೊನೇ ಫ್ರಿಜ್ ತನಕ ಕೇಳಿಸಿದೆ! ಇದು ಎಷ್ಟು ಸದ್ದಿಲ್ಲದ ಯಂತ್ರ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ತೋರಿಸ್ಲಿ? ಸಾರ್, ನೀವೇ ಹೇಳಿ, ಹನ್ನೊಂದು ವರ್ಷದಲ್ಲಿ ಬೇರೆ ಯಾವ ಬ್ಲೆಂಡರ್ ಓಡುವಾಗ್ಲಾದ್ರೂ ನಾನು ಬೈದದ್ದು ನಿಮಗೆ ಕೇಳಿಸಿದ್ಯಾ?"

ಮ್ಯಾನೇಜರ್ ಯೋಚಿಸಿದರು. "ಇಲ್ಲ," ಎಂದರು.

ಅದು ಮಾತ್ರ ಅಪ್ಪಟ ಸತ್ಯವಾಗಿತ್ತು.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಹಿಂದೆ ನಿಂತಿದ್ದವರೊಬ್ಬರು ಚಪ್ಪಾಳೆಯನ್ನೇ ತಟ್ಟಿದರು. ಅವಳಿ ಮಕ್ಕಳ ಗಾಡಿ ತಳ್ಳಿಕೊಂಡು ಬಂದಿದ್ದ ಹೆಂಗಸು, "ಇವರು ಅಷ್ಟು ಕೂಗಿದ್ರೂ ಎದ್ದಿಲ್ಲ ನನ್ನ ಮಕ್ಕಳು, ಇನ್ನು ಆ ಯಂತ್ರಕ್ಕೆ ಏಳ್ತವಾ? ಒಂದು ಕೊಡಿ," ಎಂದಳು. ಅವಳ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಮೂರಲ್ಲ, ನಾಲ್ಕು ಹೋದವಂತೆ. ಆ ಮೇಜಿಗೆಂದು ಆಗಲೇ ತರಿಸಿಟ್ಟಿದ್ದ ಟಿವಿಯ ಪೆಟ್ಟಿಗೆಯನ್ನು ಮ್ಯಾನೇಜರ್ ತಾವೇ ಕೆಳಗೆ ಕಳಿಸಿದರು.

ನಾನು ಚಿಕ್ಕದನ್ನೇ ಕೊಂಡೆ. ಅದು ಓಡಿದರೆ ಅತ್ತೆ ಕಿವಿ ಮುಚ್ಚಿಕೊಂಡು ಬಾಲ್ಕನಿಗೆ ಹೋಗುತ್ತಾರೆ, ಆದರೆ ಒಂದು ಬಟ್ಟಲು ಕ್ಯಾರೆಟ್ಟನ್ನು ಮುಲಾಮಿನಷ್ಟು ನುಣ್ಣಗೆ ಮಾಡುತ್ತದೆ. ಮೊದಲ ದಿನ ಮಗಳು ಇಡೀ ಬಟ್ಟಲು ಖಾಲಿ ಮಾಡಿದಳು. ಎರಡನೆಯ ದಿನ ಭೂತಗನ್ನಡಿಗೂ ಕಾಣದ ಗಂಟೊಂದನ್ನು ಹುಡುಕಿ ಉಗುಳಿದಳು. ಮೂರನೆಯ ದಿನದಿಂದ ನಾವಿಬ್ಬರೂ ರಾಜಿಯಾಗಿದ್ದೇವೆ.

ಹದಿನೈದು ದಿನ ಬಿಟ್ಟು, ಮುಚ್ಚಳದ ರಬ್ಬರು ಸಡಿಲವಾಗಿದೆಯೇನೋ ಎಂಬ ಅನುಮಾನ ಹತ್ತಿ (ಆಗಿರಲಿಲ್ಲ) ಮತ್ತೆ ಅಂಗಡಿಗೆ ಹೋದೆ. ಮೇಜಿನ ಮುಂದೆ ಜನ ಕಾಯುತ್ತಿದ್ದರು. ಗೋಡೆಯ ಮೇಲೆ ಹೊಸ ಬೋರ್ಡು: ಗಂಟೆಗೊಮ್ಮೆ ವಿಶೇಷ ಪ್ರದರ್ಶನ. ಮ್ಯಾನೇಜರ್ ಆ ಶನಿವಾರದ ಮಾತುಗಳನ್ನು ಒಂದಕ್ಷರ ಬಿಡದೆ ಹಾಳೆಯ ಮೇಲೆ ಬರೆಸಿ, ಕಂಪನಿಯ ಒಪ್ಪಿಗೆ ತರಿಸಿ, ಮೇಜಿನ ಒಳಗಡೆ ಅಂಟಿಸಿದ್ದರು. ಹನ್ನೊಂದು ಗಂಟೆಗೆ ಸರಿಯಾಗಿ ಅವರು ಬೆರಳೆತ್ತಿ ಸನ್ನೆ ಮಾಡಿದರು. ಕಪ್ಪು ಯಂತ್ರ ಗುರ್ ಎಂದಿತು.

"ತಗೋಬೇಡಮ್ಮಾ ಇದನ್ನ! ಶುದ್ಧ ದಂಡ!" ಗರಗರಕ್ಕನ ದನಿ ಮಹಡಿ ತುಂಬ ಮೊಳಗಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯ ಫ್ರಿಜ್ಜಿನ ಹತ್ತಿರ ನಿಂತ ಮ್ಯಾನೇಜರ್ ಹೆಬ್ಬೆರಳು ಎತ್ತಿ ತೋರಿಸಿದರು.

ಎತ್ತರದ ಗಂಡಸೊಬ್ಬರು ನಗುತ್ತ ನಗುತ್ತ ಮುಂದೆ ಬಂದರು. ಗರಗರಕ್ಕ ಮೇಜಿನ ಮೇಲೆ ಬಗ್ಗಿ, ಯಾವ ಯಂತ್ರವನ್ನೂ ಓಡಿಸದೆ, ಅವರ ಮುಖಕ್ಕೆ ನೇರವಾಗಿ ಹೇಳಿದರು.

"ಅಣ್ಣಾ, ತಮಾಷೆ ಅಲ್ಲ. ನಿಮಗೆ ಆ ಚಿಕ್ಕದು ಸಾಕು. ನಾನು ನಿಜವಾಗ್ಲೂ ಹೇಳ್ತಾ ಇದ್ದೀನಿ."

ಅವರು ಇನ್ನೂ ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು, "ಭಾರಿ ಮಾತುಗಾರ್ತಿ ಕಣ್ರೀ ನೀವು! ಒಂದು ಪ್ಯಾಕ್ ಮಾಡಿಸಿ," ಎಂದು ಕಪ್ಪು ಯಂತ್ರದ ಕಡೆ ಕೈ ತೋರಿಸಿದರು.

ಗರಗರಕ್ಕ ನನ್ನತ್ತ ನೋಡಿದರು. ಪಕ್ಕದಲ್ಲಿದ್ದ ಹಳೆಯ ಬ್ಲೆಂಡರಿಗೆ ಒಂದು ಹಿಡಿ ಐಸ್ ಹಾಕಿ, ಗುಂಡಿ ತಿರುಗಿಸಿ, ಆ ಗದ್ದಲದಲ್ಲಿ ನನ್ನೊಬ್ಬಳಿಗೆ ಮಾತ್ರ ಕೇಳಿಸುವಂತೆ, ಕಂಪನಿಯನ್ನೂ ಗಿರಾಕಿಯನ್ನೂ ಸೇರಿಸಿ ನಲವತ್ತು ಸೆಕೆಂಡು ಬೈದರು.