ದೊಡವಾಡ ಬಸ್ಸಿನ ಪರೀಕ್ಷೆ

ಸಾಲಹಳ್ಳಿ ಅಕ್ಕಾರ ಕೈಚೀಲದಲ್ಲಿ ಗಾಜು ಒಡೆದ ಹಳೆಯ ಫೋನೊಂದು ಸದಾ ಇರುತ್ತಿತ್ತು. ಮಾತಾಡಲು ಅವರಿಗೆ ಬೇರೆ ಫೋನಿತ್ತು. ಇದು ನಮ್ಮಂಥವರ ಸೊಕ್ಕು ಮುರಿಯುವುದಕ್ಕೆ. ದೂರದ ಪ್ರಯೋಗಾಲಯಗಳಲ್ಲಿ ವಿಡಿಯೊ, ಧ್ವನಿ ತಂತ್ರಜ್ಞಾನದ ಸಂಶೋಧನೆ ಮಾಡಿ, ಕಂಪನಿಗಳಿಗೆ ಸಲಹೆಗಾರರಾಗಿ ಹೆಸರು ಮಾಡಿದ ಮೇಲೆ ಅವರು ಬೈಲಹೊಂಗಲದ ಒಂದು ಬಾಡಿಗೆ ಕಟ್ಟಡದಲ್ಲಿ ವಿಡಿಯೊ ಪಾಠ ತಯಾರಿಸುವುದನ್ನು ಕಲಿಸುವ ತರಬೇತಿ ಕೇಂದ್ರ ತೆರೆದಿದ್ದರು. ಮೇಡಂ ಎಂದರೆ ತಿರುಗಿ ನೋಡುತ್ತಿರಲಿಲ್ಲ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ಅಕ್ಕಾರು ಎನ್ನಬೇಕು. ಸಾಲಹಳ್ಳಿ ಅವರು ಹುಟ್ಟಿದ ಊರು.

ನಾನು ಅಲ್ಲಿ ಮೊದಲು ವಿದ್ಯಾರ್ಥಿ, ಆಮೇಲೆ ಅವರ ಸಹಾಯಕ. ವಾರಗಟ್ಟಲೆ ಕೂತು ತಯಾರಿಸಿದ ಪಾಠದ ವಿಡಿಯೊವನ್ನು ಸ್ಟುಡಿಯೊದ ದುಬಾರಿ ಸ್ಪೀಕರಿನಲ್ಲಿ ಹಚ್ಚಿದರೆ ಅವರು ತಲೆ ಎತ್ತುತ್ತಿರಲಿಲ್ಲ.

"ಇಲ್ಲಿ ಕತ್ತೆ ಒದರಿದ್ರೂ ಚಂದ ಕೇಳತೈತಿ. ನಡಿ ತಮ್ಮಾ, ದೊಡವಾಡ ಬಸ್ಸ ಹತ್ತೂಣು."

ಆ ಬಸ್ಸೇ ಅವರ ಪ್ರಯೋಗಾಲಯ. ಕಿಟಕಿ ಗಡಗಡ ಅನ್ನಬೇಕು, ಹಿಂದಿನ ಸೀಟಿನವರು ಜಗಳ ತೆಗೆದಿರಬೇಕು, ಊರು ದಾಟಿದ ಮೇಲೆ ನೆಟ್‌ವರ್ಕ್ ಬಂದು ಹೋಗಿ ಮಾಡಬೇಕು. ಅಷ್ಟರ ನಡುವೆಯೂ ಒಡೆದ ಫೋನಿನಲ್ಲಿ ಪಾಠ ತಿಳಿದರೆ ಪಾಸು. ನೆಟ್‌ವರ್ಕ್ ಸೊರಗಿದಾಗ ಏನನ್ನಾದರೂ ಬಿಟ್ಟುಕೊಡಲೇಬೇಕು, ಏನನ್ನು ಎಂಬುದಕ್ಕೆ ಅವರ ಉತ್ತರ ನಮಗೆಲ್ಲ ಬಾಯಿಪಾಠವಾಗಿತ್ತು: "ಚಿತ್ರ ನಿಂತ್ರ ನಿಲ್ಲಲಿ. ಮಾತು ನಿಲ್ಲಬಾರದು." ಮಾತು ಉಳಿದರೆ ಮಕ್ಕಳು ಚಿತ್ರವನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾರೆ, ಮಾತು ಹೋದರೆ ಮಾಸ್ತರರ ತುಟಿ ಆಡುವುದಷ್ಟೇ ಕಾಣುತ್ತದೆ ಎನ್ನುತ್ತಿದ್ದರು. ನನ್ನನ್ನು ಫೇಲು ಮಾಡಿದ ದಿನ ದೊಡವಾಡದಲ್ಲಿ ಇಳಿದು ಮಿರ್ಚಿ ಭಜಿ ಕೊಡಿಸುತ್ತಿದ್ದರು. ಆ ಲೆಕ್ಕದಲ್ಲಿ ನಾನು ಬೇಕಾದಷ್ಟು ಭಜಿ ತಿಂದವನು.

ಹಳ್ಳಿ ಶಾಲೆಗಳಿಗೆ ವಿಡಿಯೊ ಪಾಠ ಕಳಿಸುವ ಕಂಪನಿಯೊಂದು ತನ್ನ ವ್ಯವಸ್ಥೆಗೆ ಅಕ್ಕಾರ ಶಿಫಾರಸು ಕೇಳಿತು. ಅವರು ಒಪ್ಪಿ ಬರೆದರೆ ನಮ್ಮ ಕೇಂದ್ರದ ಖರ್ಚನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಬಾಡಿಗೆ ಕಟ್ಟಲಾಗದೆ ಕೇಂದ್ರಕ್ಕೆ ಬೀಗ, ನನ್ನ ಕೆಲಸಕ್ಕೂ. ಕಂಪನಿಯ ಸಾಹೇಬರು ಬಂದು ಕೇಂದ್ರದಲ್ಲಿ ತೋರಿಸಿದಾಗ ಪಾಠ ನುಣ್ಣಗೆ ಓಡಿತು. ಅಕ್ಕಾರು ಕೈಚೀಲ ಹೆಗಲಿಗೇರಿಸಿದರು. ಬಸ್ಸಿನಲ್ಲಿ ಸಾಹೇಬರಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಉಪಚಾರದಲ್ಲಿ ಅವರದು ಎತ್ತಿದ ಕೈ.

ಊರು ದಾಟಿತು. ಒಡೆದ ಗಾಜಿನ ಹಿಂದೆ ಚಿತ್ರ ಥಳಥಳಿಸುತ್ತಲೇ ಇತ್ತು, ದನಿ ಮಾತ್ರ ತುಂಡು ತುಂಡಾಯಿತು. ಕಾಲ ಸಂದಿಯಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಏನ ಹೇಳಾಕತ್ತಾನ್ರೀ ಅಂವಾ?" ಎಂದು ಸಾಹೇಬರನ್ನೇ ಕೇಳಿದಳು. ಅವರು ನೆಟ್‌ವರ್ಕನ್ನು ಬೈದರು.

ದೊಡವಾಡದಲ್ಲಿ ಇಳಿದ ಮೇಲೆ ಸಾಹೇಬರು ಮೆತ್ತಗಾದರು. ನೋಡುವವರಿಗೆ ಚಿತ್ರವೇ ಮುಖ್ಯ, ಈಗ ಒಪ್ಪಿಗೆ ಬರೆಯಿರಿ, ಮುಂದೆ ಸರಿಪಡಿಸೋಣ, ನಿಮ್ಮ ಕೇಂದ್ರವೂ ಉಳಿಯುತ್ತದೆ ಎಂದರು. ಅಕ್ಕಾರು ಒಮ್ಮೆ ನನ್ನ ಮುಖ ನೋಡಿದರು.

"ಕೇಂದ್ರ ಮುಚ್ಚತೇನ್ರಿ. ಸಾಲಿ ಹುಡುಗರಿಗೆ ಬಾಯಿಲ್ಲದ ಮಾಸ್ತರನ್ನ ಕೊಡಾಕ ನಾ ಸಹಿ ಹಾಕೂದಿಲ್ಲ."

ಸಾಹೇಬರು ಕಾರಿಗೆ ಫೋನು ಮಾಡಿದರು. ನನಗೆ ಅಕ್ಕಾರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಅವರು ಕೊಡಿಸಿದ ಭಜಿ ತಿಂದೆ. ಕೇಂದ್ರ ಮುಚ್ಚಿತು. ಅವರು ರಾಮದುರ್ಗದಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಪಾಠ ಮುಂದುವರಿಸಿದರು, ಕುಕ್ಕರಿನ ಸೀಟಿಯನ್ನೂ ಪರೀಕ್ಷೆಗೆ ಸೇರಿಸಿಕೊಂಡರು.

ಹೋದ ವರ್ಷ ಅಕ್ಕಾರು ಹಾಸಿಗೆ ಹಿಡಿದರು. ನಾನಾಗ ಬೇರೆ ಊರಿನಲ್ಲಿ, ಇಂಥ ಪಾಠದ ವ್ಯವಸ್ಥೆಗಳನ್ನೇ ಪರೀಕ್ಷಿಸುವ ಕೆಲಸದಲ್ಲಿದ್ದೆ. ಅದೇ ಕಂಪನಿಯ ಹೊಸ ವ್ಯವಸ್ಥೆ ಒಪ್ಪಿಗೆಯ ಸಹಿಗಾಗಿ ನನ್ನ ಮೇಜಿಗೆ ಬಂದಿತ್ತು. ಅದನ್ನು ಹೇಳಲು, ಅವರನ್ನು ನೋಡಲು ವಿಡಿಯೊ ಕರೆ ಮಾಡಿದೆ. ಇಳಿದುಹೋದ ಮುಖ ಕಂಡಿತು, ಮಾತು ತುಂಡು ತುಂಡಾಗಿ ಬಂತು. ಅಕ್ಕಾರು ತಮ್ಮ ಕ್ಯಾಮೆರಾ ಬಂದ್ ಮಾಡಿದರು. ಪರದೆ ಕಪ್ಪಾಯಿತು, ದನಿ ಇಡಿಯಾಗಿ ಬಂತು.

"ಈಗ ಕೇಳತೈತಿ?"

ನಿಮ್ಮನ್ನು ನೋಡಬೇಕಾಗಿತ್ತು ಎಂದೆ. ಆ ಕಂಪನಿಯ ವ್ಯವಸ್ಥೆ ನನ್ನ ಕೈಗೆ ಬಂದದ್ದನ್ನೂ ಹೇಳಿದೆ.

"ನನ್ನ ಮಾರಿ ಏನ ನೋಡತಿ. ಬಸ್ಸ ಹತ್ತಿದ್ಯೇನ?"

"ಇನ್ನೂ ಇಲ್ರಿ ಅಕ್ಕಾರ."

"ಮೊದಲ ಹತ್ತು. ಆಮ್ಯಾಲ ನನ್ನ ಜೋಡಿ ಮಾತಾಡು."

ಆಮೇಲೆ ಮಾತಾಡಲು ಅವರು ಉಳಿಯಲಿಲ್ಲ. ಸುದ್ದಿ ಕೇಳಿ ಮಗುವಿನಂತೆ ಅತ್ತೆ. ರಾಮದುರ್ಗಕ್ಕೆ ಹೋದಾಗ ಅವರ ತಂಗಿ ಆ ಒಡೆದ ಫೋನನ್ನು ನನ್ನ ಕೈಗಿಟ್ಟರು.

ಕಂಪನಿಯವರನ್ನು ಕರೆದುಕೊಂಡು ದೊಡವಾಡ ಬಸ್ಸು ಹತ್ತಿದೆ. ಈಗಲೂ ಊರು ದಾಟುತ್ತಿದ್ದಂತೆ ದನಿ ಹರಿದು ಚೂರಾಯಿತು, ಚಿತ್ರ ನಗುತ್ತಲೇ ಇತ್ತು. ನಿಮ್ಮ ಮೇಲಿನವರು ಆಗಲೇ ಒಪ್ಪಿದ್ದಾರೆ, ನೀವೊಬ್ಬರು ಅಡ್ಡ ನಿಂತರೆ ನಿಮ್ಮ ಕುರ್ಚಿಗೇ ಸಂಚಕಾರ ಎಂದು ಅವರು ನಯವಾಗಿ ನೆನಪಿಸಿದರು. ಬಸ್ಸು ನಿಂತಿತು. ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

"ಸಹಿ ಆಗೂದಿಲ್ರಿ," ಎಂದೆ. "ಇಳೀರಿ, ಭಜಿ ತಿನ್ನೂಣು."